ಸೈಕೋ-ಪಾಸ್ ಎರಡನೇ ಸೀಸನ್: ದೊಡ್ಡ ಪ್ರಶ್ನೆ, ಇಕ್ಕಟ್ಟಾದ ಲೋಕ

ಮೈಸೂರಿನಲ್ಲಿ ಅನಿಮೆ, ಅಂದರೆ ಜಪಾನಿನ ಅನಿಮೇಷನ್, ನೋಡುವ ನಮ್ಮ ಪುಟ್ಟ ಗುಂಪಿನಲ್ಲಿ ಸೈಕೋ-ಪಾಸ್ ಸರಣಿಯ ಎರಡನೇ ಸೀಸನ್ನಿನ ಮಾತು ಬಂದಾಗಲೆಲ್ಲ ವಾದ ಒಂದೇ ಜಾಡಿಗೆ ಬೀಳುತ್ತದೆ. ಬರೆಯುವವರು ಬದಲಾದರು, ಸ್ಟುಡಿಯೋ ಬದಲಾಯಿತು, ಕಂತುಗಳು ಅರ್ಧಕ್ಕಿಳಿದವು, ಆದ್ದರಿಂದ ಕೆಟ್ಟಿತು ಎನ್ನುವುದು ಆ ವಾದ. ಇದರಲ್ಲಿ ಸುಳ್ಳೇನೂ ಇಲ್ಲ. 2012ರ ಅಕ್ಟೋಬರಿನಿಂದ 2013ರ ಮಾರ್ಚ್‌ವರೆಗೆ ಪ್ರಸಾರವಾದ ಮೊದಲ ಸೀಸನ್ನಿಗೆ 22 ಕಂತುಗಳಿದ್ದವು. ಅದನ್ನು ಪ್ರೊಡಕ್ಷನ್ ಐ.ಜಿ. ನಿರ್ಮಿಸಿತ್ತು, ಕಥೆಯ ಸೂತ್ರ ಉರೊಬುಚಿ ಗೆನ್ ಅವರ ಕೈಯಲ್ಲಿತ್ತು. 2014ರ ಕೊನೆಯ ಮೂರು ತಿಂಗಳಲ್ಲಿ ಬಂದ ಎರಡನೆಯದು 11 ಕಂತುಗಳದ್ದು; ಚಿತ್ರಿಸಿದ್ದು ತತ್ಸುನೊಕೊ ಪ್ರೊಡಕ್ಷನ್, ಕಥೆ ಹೆಣೆದವರು ಉಬುಕಾತಾ ತೋ. ಆದರೆ ಕೈ ಬದಲಾದ ಮಾತ್ರಕ್ಕೆ ಕೃತಿ ಕೆಡಲೇಬೇಕೆಂದೇನೂ ಇಲ್ಲವಾದ್ದರಿಂದ, ಈ ವಿವರಣೆ ನನಗೆ ಎಂದೂ ಸಾಲದಾಗಿದೆ. ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸುವುದು ಒಳಿತು. ಮುಂದೆ ಎರಡೂ ಸೀಸನ್ನುಗಳ ಗುಟ್ಟುಗಳನ್ನು ಬಿಚ್ಚದೆ ಬರೆಯಲು ಸಾಧ್ಯವಿಲ್ಲ.

ಈ ಕಥೆಯ ಜಪಾನಿನಲ್ಲಿ ಸಿಬಿಲ್ ಎಂಬ ವ್ಯವಸ್ಥೆ ಪ್ರತಿಯೊಬ್ಬರ ಮನಸ್ಸನ್ನೂ ಅಳೆದು, ಅಪರಾಧ ಮಾಡುವ ಸಾಧ್ಯತೆಗೆ ಒಂದು ಅಂಕ ಕೊಡುತ್ತದೆ. ಅಂಕ 100 ದಾಟಿದವರು ಏನೂ ಮಾಡಿರದಿದ್ದರೂ ಸುಪ್ತ ಅಪರಾಧಿಗಳೇ. 300 ದಾಟಿದರೆ ಪೊಲೀಸರ ಕೈಯಲ್ಲಿರುವ ಡಾಮಿನೇಟರ್ ಎಂಬ ಬಂದೂಕು ತಾನಾಗಿ ರೂಪ ಬದಲಿಸಿಕೊಂಡು ಕೊಲ್ಲಲು ಸಿದ್ಧವಾಗುತ್ತದೆ. ಮೊದಲ ಸೀಸನ್ನಿನ ಬಲವೆಲ್ಲ ಇರುವುದು ಈ ಬಂದೂಕಿನಲ್ಲಿ ಅಲ್ಲ, ಅದನ್ನು ನಂಬಿ ನೆಮ್ಮದಿಯಾಗಿ ಬದುಕುತ್ತಿರುವ ಸಾಧಾರಣ ಜನರಲ್ಲಿ. ಹದಿನಾಲ್ಕನೇ ಕಂತನ್ನು ನೆನಪಿಸಿಕೊಳ್ಳಿ. ಹೆಲ್ಮೆಟ್ ಹಾಕಿದ ಒಬ್ಬ ವ್ಯಕ್ತಿ ಹಾಡಹಗಲೇ ನಡುಬೀದಿಯಲ್ಲಿ ಒಬ್ಬ ಹೆಂಗಸನ್ನು ಬಡಿದು ಕೊಲ್ಲುತ್ತಾನೆ. ಅವನ ಹೆಲ್ಮೆಟ್ ಪಕ್ಕದಲ್ಲಿರುವವರ ಮನಸ್ಥಿತಿಯನ್ನೇ ನಕಲು ಮಾಡಿ ಯಂತ್ರಗಳಿಗೆ ತೋರಿಸುವುದರಿಂದ ಯಾವ ಎಚ್ಚರಿಕೆಯ ಗಂಟೆಯೂ ಬಾರಿಸುವುದಿಲ್ಲ. ಸುತ್ತ ನಿಂತವರು ಓಡುವುದಿಲ್ಲ, ತಡೆಯುವುದಿಲ್ಲ, ಕೂಗುವುದೂ ಇಲ್ಲ. ಯಂತ್ರವೇ ಸುಮ್ಮನಿರುವಾಗ ತಾವು ನೋಡುತ್ತಿರುವುದು ಕೊಲೆ ಎಂಬುದೇ ಅವರಿಗೆ ಹೊಳೆಯುವುದಿಲ್ಲ. ನಮ್ಮ ಸಯ್ಯಾಜಿರಾವ್ ರಸ್ತೆಯಲ್ಲಿ ಎರಡು ಸ್ಕೂಟರುಗಳು ಒಂದಕ್ಕೊಂದು ಸವರಿಕೊಂಡು ಹೋದರೂ ಸಾಕು, ಹತ್ತು ಜನ ಸೇರಿ, ತಪ್ಪು ಯಾರದೆಂದು ಪಂಚಾಯಿತಿ ಮಾಡಿ, ಇಬ್ಬರಿಗೂ ಬುದ್ಧಿ ಹೇಳಿ ಕಳಿಸುತ್ತಾರೆ. ಆ ಅಧಿಕಪ್ರಸಂಗವನ್ನು ಬೈದುಕೊಂಡೇ ಬೆಳೆದ ನನಗೆ, ಒಂದು ಊರಿಗೆ ಊರೇ ಅದನ್ನು ಕಳೆದುಕೊಂಡಿರುವ ದೃಶ್ಯ ಯಾವ ರಕ್ತಪಾತಕ್ಕಿಂತಲೂ ಹೆಚ್ಚು ಭಯ ಹುಟ್ಟಿಸಿತು.

ಎರಡನೇ ಸೀಸನ್ನಿನ ಪ್ರಶ್ನೆ ಇದಕ್ಕಿಂತ ಸಣ್ಣದೇನಲ್ಲ. ಎಲ್ಲರಿಗೂ ತೀರ್ಪು ಕೊಡುವ ಸಿಬಿಲ್ ತನಗೆ ತಾನೇ ತೀರ್ಪು ಕೊಟ್ಟುಕೊಳ್ಳಬಲ್ಲದೇ ಎಂಬುದು ಆ ಪ್ರಶ್ನೆ. ಅಂಕಕ್ಕೆ ಸಿಗದ ಅಪರಾಧಿಗಳ ಮಿದುಳುಗಳನ್ನೇ ಕೂಡಿಸಿ ಸಿಬಿಲ್ ಆಗಿದೆ ಎಂಬುದು ಮೊದಲ ಸೀಸನ್ನಿನಿಂದಲೇ ನಮಗೆ ಗೊತ್ತು. ಹೊಸ ಖಳ ಕಾಮುಯಿ ಕಿರಿಟೊ ವಿಮಾನ ದುರಂತವೊಂದರಲ್ಲಿ ಬದುಕುಳಿದವನು. ಅಂದು ಸತ್ತ 184 ಮಂದಿಯ ದೇಹದ ಭಾಗಗಳನ್ನು ಜೋಡಿಸಿ ಅವನನ್ನು ಉಳಿಸಲಾಗಿದೆ. ಸಿಬಿಲ್ ಅಳೆಯುವುದು ಒಂಟಿ ಮನುಷ್ಯರನ್ನಾದ್ದರಿಂದ, ಹಲವರು ಸೇರಿ ಒಬ್ಬನಾದ ಇವನು ಅದರ ಕಣ್ಣಿಗೇ ಬೀಳುವುದಿಲ್ಲ. ಅವನನ್ನು ಅಳೆಯಬೇಕೆಂದರೆ ಗುಂಪನ್ನು ಅಳೆಯುವುದನ್ನು ಸಿಬಿಲ್ ಕಲಿಯಬೇಕು, ಕಲಿತರೆ ತಾನೂ ಒಂದು ಗುಂಪೇ ಆದ್ದರಿಂದ ತನ್ನ ಅಂಕವೂ ಹೊರಬೀಳುತ್ತದೆ. ಕೊನೆಯಲ್ಲಿ ಅದು ತನ್ನೊಳಗಿನ ಕೆಲವು ಮಿದುಳುಗಳನ್ನೇ ನಾಶಮಾಡಿ ಅಂಕವನ್ನು ಇಳಿಸಿಕೊಳ್ಳುತ್ತದೆ. ಕಾಗದದ ಮೇಲೆ ಇದು ಮೊದಲ ಸೀಸನ್ನಿನ ತರ್ಕಕ್ಕಿಂತಲೂ ಚುರುಕಾಗಿದೆ ಎಂದೇ ನನ್ನ ಅಭಿಪ್ರಾಯ.

ಇಷ್ಟೆಲ್ಲ ಇದ್ದೂ ನೋಡುವಾಗ ಏನೂ ತಾಗುವುದಿಲ್ಲವೇಕೆ ಎಂಬುದಕ್ಕೆ ನಾಲ್ಕನೇ ಕಂತು ಒಳ್ಳೆಯ ನಿದರ್ಶನ. ಮಾನಸಿಕ ಆರೈಕೆಯ ಕೇಂದ್ರವೊಂದರಲ್ಲಿ ಒಬ್ಬನು ಜನರನ್ನು ಒತ್ತೆಯಿಟ್ಟುಕೊಂಡು ಹಿಂಸಿಸುತ್ತಾನೆ. ಭಯದಿಂದ ಒತ್ತೆಯಾಳುಗಳ ಅಂಕಗಳೇ ಏರುತ್ತವೆ. ರಕ್ಷಿಸಲು ಬಂದವರ ಡಾಮಿನೇಟರ್‌ಗಳು ಒತ್ತೆಯಾಳುಗಳನ್ನೇ ಗುರಿಯಾಗಿಸುತ್ತವೆ. ಒಳಗೆ ಸಿಕ್ಕಿಬಿದ್ದ ಇನ್‌ಸ್ಪೆಕ್ಟರ್ ಅಓಯನಾಗಿಯೂ ತನ್ನ ಇಲಾಖೆಯವರ ಆಯುಧಕ್ಕೇ ಬಲಿಯಾಗುತ್ತಾಳೆ. ಹಿಂಸೆಗೊಳಗಾಗುವುದೇ ಅಪರಾಧವಾಗಿಬಿಡುವ ಈ ಸನ್ನಿವೇಶ ಮೊದಲ ಸೀಸನ್ನಿನ ಮೊದಲ ಕಂತಿನಲ್ಲಿಯೇ ಬಂದುಹೋಗಿದೆ. ಅಲ್ಲಿ ಇದ್ದದ್ದು ಒಬ್ಬಳೇ ಹೆಂಗಸು. ಅವಳ ಅಂಕ ಏರಿದಾಗ ಪೊಲೀಸ್ ತಂಡದ ಕೊಗಾಮಿ ಡಾಮಿನೇಟರ್ ಎತ್ತುತ್ತಾನೆ, ಕೆಲಸಕ್ಕೆ ಸೇರಿದ ಮೊದಲ ದಿನದ ಕಥಾನಾಯಕಿ, ಇನ್‌ಸ್ಪೆಕ್ಟರ್ ಅಕಾನೆ ಅವನಿಗೇ ಗುಂಡು ಹೊಡೆದು ಕೆಡವಿ, ಚೆಲ್ಲಿದ ಎಣ್ಣೆಯ ನಡುವೆ ಲೈಟರ್ ಹಿಡಿದು ನಡುಗುತ್ತಿರುವ ಆ ಹೆಂಗಸನ್ನು ಮಾತಿನಿಂದಲೇ ಸಮಾಧಾನಪಡಿಸುತ್ತಾಳೆ, ಅಂಕ ಮೆಲ್ಲಗೆ ಇಳಿಯುತ್ತದೆ. ಆ ಹೆಂಗಸಿನ ಮುಖ ನನಗೆ ಇಂದಿಗೂ ನೆನಪಿದೆ. ನಾಲ್ಕನೇ ಕಂತಿನಲ್ಲಿ ಸತ್ತವರಲ್ಲಿ ಅಓಯನಾಗಿಯೊಬ್ಬಳನ್ನು ಬಿಟ್ಟರೆ ಯಾರ ಮುಖವೂ ನೆನಪಿಲ್ಲ. ಅವರು ಕಥೆಯಲ್ಲಿ ಇರುವುದೇ ಸಾಯುವುದಕ್ಕಾಗಿ.

ಮುಂದೆ ಬರುವ ಮೊಬೈಲ್ ಆಟದ ಪ್ರಸಂಗದ ಗತಿಯೂ ಇದೇ. ಕಾಲಕ್ಷೇಪಕ್ಕೆಂದು ಆಡುತ್ತಿರುವ ಆಟದ ಮೂಲಕ ಜನರು ತಮಗೇ ಅರಿವಿಲ್ಲದೆ ನಿಜವಾದ ಯಂತ್ರಗಳನ್ನು ನಡೆಸಿ ನಿಜವಾದ ಮನುಷ್ಯರನ್ನು ಕೊಲ್ಲುತ್ತಾರೆ. ಹೆಲ್ಮೆಟ್ಟಿನ ದೃಶ್ಯಕ್ಕೆ ಸರಿಸಾಟಿಯಾಗಬಲ್ಲ ಕಲ್ಪನೆ ಇದು, ಏಕೆಂದರೆ ಇಲ್ಲಿ ಮತ್ತೆ ಸಾಧಾರಣ ಜನರು ಕಥೆಯೊಳಕ್ಕೆ ಬರುತ್ತಾರೆ. ಆದರೆ ಆ ಬೆರಳುಗಳ ಹಿಂದಿನ ಬದುಕುಗಳ ಹತ್ತಿರ ಕುಳಿತುಕೊಳ್ಳುವಷ್ಟು ವ್ಯವಧಾನ ಕಥೆಗಿಲ್ಲ. ಅದಕ್ಕೆ ತನ್ನ ಒಗಟನ್ನು ಬಿಡಿಸುವ ಅವಸರ. ಹನ್ನೊಂದೇ ಕಂತುಗಳಾದ್ದರಿಂದ ವಿವರಣೆಯೆಲ್ಲ ಪಾತ್ರಗಳ ಬಾಯಿಂದಲೇ ಬರಬೇಕಾಗಿದೆ. ವಿಮಾನ ದುರಂತದ ಹಿನ್ನೆಲೆ, ಅಂಗಾಂಗ ಜೋಡಣೆ, ಅದರ ಹಿಂದಿದ್ದ ತೊಗಾನೆ ಸಂಸ್ಥೆಯ ವ್ಯವಹಾರ, ಸರ್ವಶಕ್ತನು ತಾನೇ ಎತ್ತಲಾಗದ ಕಲ್ಲನ್ನು ಸೃಷ್ಟಿಸಬಲ್ಲನೇ ಎಂಬ ಹಳೆಯ ಸಮಸ್ಯೆ, ಒಂದಾದ ಮೇಲೊಂದು ಬಂದು ಬೀಳುತ್ತವೆ. ಜೊತೆಗೆ ಕೂತು ನೋಡುತ್ತಿದ್ದ ಮದ್ದೂರಿನ ಗೆಳೆಯ, “ಅಲ್ಲ ಕಣ್ಲಾ, ಇವ್ರು ಕತೆ ಹೇಳ್ತಾವ್ರೋ, ಕೇಸ್ ಫೈಲ್ ಓದ್ತಾವ್ರೋ?” ಎಂದು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಸಾಲದೆಂಬಂತೆ ಎಲ್ಲರೂ ಎಲ್ಲರಿಗೂ ನೆಂಟರು: ಅಕಾನೆಯ ತಂಡದಲ್ಲೇ ಇದ್ದು ಅವಳ ಮನಸ್ಸನ್ನು ಕೆಡಿಸಲು ಹೊಂಚುಹಾಕುವ ತೊಗಾನೆ ಸಾಕುಯಾನ ತಾಯಿಯೇ ಸಿಬಿಲ್‌ನ ಒಂದು ಮಿದುಳು. ಒಂದು ನಾಡಿನ ವ್ಯವಸ್ಥೆಯ ಕಥೆ ಹೀಗೆ ಮನೆತನವೊಂದರ ಜಗಳಕ್ಕೆ ಇಳಿಯುತ್ತದೆ. ಅಕಾನೆಯ ಅಜ್ಜಿಯ ಕೊಲೆಯಂತೂ ನೋಡುವವರ ಹೊಟ್ಟೆ ತೊಳಸಲೆಂದೇ ಇಟ್ಟಂತಿದೆ. ಅದಾದ ಮೇಲೂ ಅಕಾನೆ ಅಲುಗಾಡದ ವಿಗ್ರಹದಂತೆಯೇ ಇರುವುದರಿಂದ ಅದರಿಂದ ಕಥೆಗೆ ದಕ್ಕಿದ್ದೇನೆಂದು ಹೇಳುವುದು ಕಷ್ಟ.

ನನ್ನ ನಿಜವಾದ ತಕರಾರು ಇರುವುದು ಶಿಮೊತ್ಸುಕಿ ಮಿಕಾಳ ವಿಷಯದಲ್ಲಿ. ಹೊಸದಾಗಿ ಸೇರಿದ ಈ ಇನ್‌ಸ್ಪೆಕ್ಟರ್ ಮಾತುಮಾತಿಗೂ ಅಕಾನೆಯನ್ನು ಆಕ್ಷೇಪಿಸುತ್ತಾಳೆ, ನಿಯಮ ಬಿಟ್ಟು ಒಂದು ಹೆಜ್ಜೆಯನ್ನೂ ಇಡುವುದಿಲ್ಲ, ಸಿಬಿಲ್‌ನ ನಿಜಸ್ವರೂಪ ತಿಳಿದ ಮೇಲೂ ಅದನ್ನು ಒಪ್ಪಿಕೊಂಡು ಅದರ ಪಕ್ಷಕ್ಕೇ ನಿಲ್ಲುತ್ತಾಳೆ. ಅಜ್ಜಿಯ ಸಾವಿನಲ್ಲೂ ಅವಳ ಪಾಲಿದೆ. ನಮ್ಮ ಗುಂಪಿನಲ್ಲಿ ಕಾಮುಯಿಗಿಂತ ಹೆಚ್ಚು ಬೈಗುಳ ತಿಂದವಳು ಇವಳೇ. ಆದರೆ ಯೋಚಿಸಿದರೆ, ಕೊಲೆಯನ್ನು ನೋಡುತ್ತ ನಿಂತಿದ್ದ ಆ ಬೀದಿಯ ಜನರೊಳಗಿನಿಂದ ಎದ್ದು ಬಂದು ಈ ಸೀಸನ್ನಿನ ಮುಂಚೂಣಿಯಲ್ಲಿ ನಿಂತಿರುವ ಒಂದೇ ಪಾತ್ರ ಅವಳದು. ವ್ಯವಸ್ಥೆಯ ಒಳಗಿನ ಕೊಳೆ ಕಣ್ಣಾರೆ ಕಂಡ ಮೇಲೂ ಅದನ್ನೇ ಪ್ರೀತಿಸಬೇಕಾದ, ಪ್ರೀತಿಸದಿದ್ದರೆ ತನ್ನ ಅಂಕವೇ ಏರಿಬಿಡುವ ಮನುಷ್ಯಳು ಅವಳು. ಅವಳ ಆ ಭಯವನ್ನು ಒಂದೆರಡು ಕಂತುಗಳಷ್ಟು ತಾಳ್ಮೆಯಿಂದ ಬರೆದಿದ್ದರೆ, 184 ಶವಗಳ ಕಾಮುಯಿಯಿಂದ ಆಗದ ಕೆಲಸ ಆಗುತ್ತಿತ್ತು. ಬರೆದವರು ಅವಳನ್ನು ಅಕಾನೆಯ ಎತ್ತರವನ್ನು ತೋರಿಸುವ ಅಳತೆಗೋಲಾಗಿ ಬಳಸಿಕೊಂಡು, ನಮ್ಮ ಸಿಟ್ಟಿಗೆ ಒಪ್ಪಿಸಿ ಕೈತೊಳೆದುಕೊಂಡಿದ್ದಾರೆ.

ಈಗ ಶುರುಮಾಡುವವರಿಗೆ ನಾನು ಹೇಳುವುದು, ಮೊದಲ ಸೀಸನ್ ಮುಗಿಸಿ ನೇರವಾಗಿ 2015ರ ಜನವರಿಯಲ್ಲಿ ಬಿಡುಗಡೆಯಾದ ಸಿನಿಮಾಗೆ ಹೋಗಿ ಎಂದು. ಅದರ ಚಿತ್ರಕಥೆಯಲ್ಲಿ ಉರೊಬುಚಿ ಮರಳಿದ್ದಾರೆ, ಕಾಮುಯಿಯ ಕಥೆ ಗೊತ್ತಿಲ್ಲದಿದ್ದರೂ ಅರ್ಥಮಾಡಿಕೊಳ್ಳಲು ತೊಡಕಾಗುವುದಿಲ್ಲ. ಆದರೆ 2019ರ ಮೂರನೇ ಸೀಸನ್ನಿಗೆ ಬರುವಾಗ ಎರಡನೆಯದನ್ನು ಹೇಗೂ ನೋಡಲೇಬೇಕಾಗುತ್ತದೆ. ಅಲ್ಲಿ ಮಿಕಾ ಅಪರಾಧ ತನಿಖಾ ವಿಭಾಗದ ಮುಖ್ಯಸ್ಥೆ. ಗೊಣಗುತ್ತ, ಕೈಕೆಳಗಿನವರನ್ನು ಗದರುತ್ತ, ಅವರಿಗಾಗಿ ಮೇಲಿನವರ ಮುಂದೆ ಏಗುತ್ತ ಕೆಲಸ ನಡೆಸುತ್ತಾಳೆ. 2014ರ ಆ ಹುಡುಗಿ ಇವಳಾಗಿ ಬೆಳೆದ ದಾರಿಯನ್ನು ಮಾತ್ರ ಸರಣಿ ಎಲ್ಲಿಯೂ ಸರಿಯಾಗಿ ತೋರಿಸಿಲ್ಲ.