ಅನ್ನದಲ್ಲಿ ನೆಟ್ಟ ಕಡ್ಡಿ

ಮೈಸೂರಿನಲ್ಲಿ ಎರಡು ವರ್ಷ ಯೋಗ ಕಲಿತು ಊರಿಗೆ ಮರಳಿದ್ದ ಜಪಾನಿ ಗೆಳತಿಯೊಬ್ಬಳ ಮನೆಯಲ್ಲಿ, ಕ್ಯೋಟೋದಲ್ಲಿ, ನಾನು ಎಂಟು ದಿನ ಉಳಿದಿದ್ದೆ. ಹೊರಡುವ ಮುನ್ನ ಓದಿಕೊಂಡಿದ್ದ ರೀತಿನೀತಿಗಳು ಬೇಗನೆ ರೂಢಿಯಾದವು. ಬಾಗಿಲ ಒಳಗಿನ ತಗ್ಗು ಜಾಗವಾದ ಗೆಂಕಾನ್‌ನಲ್ಲಿ ಚಪ್ಪಲಿ ಬಿಡುವುದು ನಮಗೆ ಹೊಸದಲ್ಲ. ಬಿಟ್ಟದ್ದನ್ನು ಬಾಗಿಲ ಕಡೆಗೆ ಮುಖ ಮಾಡಿ ಜೋಡಿಸುವುದಷ್ಟೇ ಹೊಸದು. ಅಂಗಡಿಯಲ್ಲಿ ಹಣವನ್ನು ಕೈಗೆ ಕೊಡದೆ ಗಲ್ಲಾದ ಮುಂದಿನ ಪುಟ್ಟ ತಟ್ಟೆಯಲ್ಲಿಡುತ್ತಾರೆ. ಎಡಗೈಯಲ್ಲಿ ದುಡ್ಡು ಕೊಟ್ಟೆನೆಂದು ಬೈಸಿಕೊಂಡು ಬೆಳೆದ ನನಗೆ ಅದು ನಿರಾಳವೆನಿಸಿತು. ರೈಲಿನಲ್ಲಿ ಫೋನಿನ ಮಾತೇ ಕೇಳದ ಆ ಊರಿನಲ್ಲಿ ನೂಡಲ್ಸ್ ಅಂಗಡಿ ಹೊಕ್ಕರೆ ಮಾತ್ರ ಸೊರ್ರೆಂದು ಹೀರುವ ಸದ್ದು; ಸಾರನ್ನು ಬೊಗಸೆಯಲ್ಲಿ ಹೀರುತ್ತಿದ್ದ ನಮ್ಮ ಅಜ್ಜನಿಗೆ ಅಲ್ಲಿ ಒಳ್ಳೆಯ ಸಹಪಂಕ್ತಿ ಸಿಗುತ್ತಿತ್ತು.

ನಾನು ಎಡವಿದ್ದು ಮೂರನೆಯ ದಿನ, ಸಣ್ಣದೊಂದು ಊಟದ ಮನೆಯಲ್ಲಿ. ಫೋಟೋ ತೆಗೆಯಲೆಂದು, ಊಟ ಮಾಡುವ ಎರಡೂ ಕಡ್ಡಿಗಳನ್ನು ಬಟ್ಟಲಿನ ಅನ್ನದಲ್ಲಿ ನೆಟ್ಟು ಚೀಲಕ್ಕೆ ಕೈ ಹಾಕಿದೆ. ಅಂಗಡಿಯ ಹಿರಿಯ ಹೆಂಗಸು ಏನೂ ಹೇಳದೆ ಬಂದು, ಅವನ್ನು ಮೆಲ್ಲಗೆ ಕಿತ್ತು, ಒರಸಿ, ಮೀನಿನಾಕಾರದ ಪಿಂಗಾಣಿಯ ಆಸರೆಯ ಮೇಲೆ ಅಡ್ಡಲಾಗಿಟ್ಟು ಹೋದರು. ಸತ್ತವರ ತಲೆಯ ಬಳಿ ಇಡುವ ಬಟ್ಟಲಿನಲ್ಲಿ ಮಾತ್ರ ಹಾಗೆ ಕಡ್ಡಿ ನೆಡುತ್ತಾರೆಂದು ಗೆಳತಿ ತಗ್ಗಿದ ದನಿಯಲ್ಲಿ ಹೇಳಿದಾಗ, ಊಟದ ಎಲೆಯ ಮೇಲೆ ಎಳ್ಳು ಬೆರೆಸಿದ ಪಿಂಡ ಕಟ್ಟಿಟ್ಟವಳಂತೆ ನಾನು ನಾಚಿಕೊಂಡೆ.

ಅಷ್ಟಕ್ಕೇ ಮುಗಿಯಲಿಲ್ಲ. ನನ್ನ ತಟ್ಟೆಯ, ಬಜ್ಜಿಯಂಥ ಕುಂಬಳದ ತೆಂಪುರಾವನ್ನು ಕಡ್ಡಿಯಲ್ಲಿ ಹಿಡಿದು ಅವಳ ಕಡ್ಡಿಗೆ ದಾಟಿಸಲು ಹೋದಾಗ ಅವಳು ಥಟ್ಟನೆ ಕೈ ಹಿಂದೆಳೆದುಕೊಂಡಳು. "ಎಂಜಲೆಂದೇ?" ಎಂದೆ. ಮೈಸೂರಿನಲ್ಲಿ ಕಲಿತ ಆ ಪದ ಅವಳಿಗೆ ಚೆನ್ನಾಗಿ ಗೊತ್ತಿತ್ತು, ನಕ್ಕು, ಅಲ್ಲವೆಂದಳು. ಶವದಹನವಾದ ಮೇಲೆ ಬಂಧುಗಳು ಕಡ್ಡಿಗಳಿಂದಲೇ ಎಲುಬುಗಳನ್ನು ಆಯ್ದು ಕರಂಡಕ್ಕೆ ತುಂಬುತ್ತಾರೆ. ಪಾತ್ರೆಯೊಳಗೆ ಸತ್ತವರು ತಲೆಕೆಳಗಾಗಬಾರದೆಂದು ಪಾದದಿಂದ ಆರಂಭಿಸಿ ತಲೆಯವರೆಗೆ ಬರುತ್ತಾರೆ. ಕಡ್ಡಿಯಿಂದ ಕಡ್ಡಿಗೆ ದಾಟುವುದು ಆ ಎಲುಬುಗಳಷ್ಟೇ. ನಮ್ಮಲ್ಲೂ ಅಸ್ಥಿ ಸಂಚಯನವಿದೆ, ಆದರೆ ಅದರ ನೆರಳು ಊಟದ ಮೇಜಿನವರೆಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ನನ್ನ ಅಂಜಿಕೆ ಬಾಯಿಯದು, ಅವಳದು ಮಸಣದ್ದು.

ಆ ರಾತ್ರಿ ಅವಳು ಚಾಪೆಯ ಕೋಣೆಯಲ್ಲಿ ನನಗೆ ಹಾಸಿಗೆ ಹಾಸಿದಳು. ದಿಂಬು ಯಾವ ದಿಕ್ಕಿಗಿದೆಯೆಂದು ಕೇಳಲು ನನಗೆ ಸಂಕೋಚವಾಗಿತ್ತು: ಉತ್ತರಕ್ಕೆ ತಲೆಯಿಟ್ಟು ಮಲಗಿದ್ದರಿಂದಲೇ ಆನೆಯ ತಲೆ ಹೋಗಿ ಗಣಪನಿಗೆ ಬಂತೆಂದು ಅಜ್ಜಿ ಹೇಳುತ್ತಿದ್ದ ಕಥೆಯನ್ನು ಕ್ಯೋಟೋದಲ್ಲಿ ಹೇಗೆ ವಿವರಿಸುವುದು? ಅಷ್ಟರಲ್ಲಿ ಅವಳೇ ಫೋನಿನಲ್ಲಿ ದಿಕ್ಸೂಚಿ ತೆರೆದು ನೋಡಿ, ಬುದ್ಧನು ಪರಿನಿರ್ವಾಣದ ಹೊತ್ತಿಗೆ ಉತ್ತರಕ್ಕೆ ತಲೆಯಿಟ್ಟು ಮಲಗಿದ್ದನೆಂದೂ, ಹೆಣವನ್ನು ಮಾತ್ರ ಹಾಗೆ ಮಲಗಿಸುತ್ತಾರೆಂದೂ ಹೇಳುತ್ತ, ಹಾಸಿಗೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ಇಬ್ಬರೂ ಸೇರಿ ಅದನ್ನು ಪೂರ್ವಕ್ಕೆ ತಿರುಗಿಸಿದೆವು.