ಪಾರ್ಟ್‌ನರ್ ಮೀಟ್‌ಗೆ ಸಪೋರ್ಟ್ ಹುಡುಗರನ್ನೂ ಕಳಿಸಿ

ಅಕೌಂಟಿಂಗ್ ಸಾಫ್ಟ್‌ವೇರ್ ಮಾರುವ ನಮ್ಮಂಥವರಿಗೆ ಕಂಪನಿಗಳು ವರ್ಷಕ್ಕೊಮ್ಮೆ ಪಾರ್ಟ್‌ನರ್ ಮೀಟ್ ಮಾಡುತ್ತವೆ. ದಾವಣಗೆರೆಯವರಿಗೆ ಅದು ಹೆಚ್ಚಾಗಿ ಬೆಂಗಳೂರಲ್ಲಿ. "ಹೊಸ ವರ್ಷನ್ ವಿಷಯ ಯೂಟ್ಯೂಬಲ್ಲೇ ಬರುತ್ತಲ್ಲ ಸರ್, ಯಾಕೆ ಹೋಗ್ತೀರಿ?" ಅಂತ ಈ ಲೈನಿಗೆ ಹೊಸದಾಗಿ ಬಂದವರು ಕೇಳುತ್ತಾರೆ. ಹೋಗಲೇಬೇಕು. ಆದರೆ ಯಾರು ಹೋಗಬೇಕು ಅನ್ನುವುದರಲ್ಲಿ ನನ್ನದೊಂದು ತಕರಾರಿದೆ.

ವೇದಿಕೆ ಮೇಲೆ ಲೆಕ್ಕ ಒಂದೇ: ಯಾರು ಎಷ್ಟು ಲೈಸೆನ್ಸ್ ಮಾರಿದರು. ಟಾರ್ಗೆಟ್ ಮುಟ್ಟಿದ ಮಾಲೀಕರಿಗೆ ಶೀಲ್ಡು, ಶಾಲು, ಫೋಟೋ. ಬೇಡ ಅನ್ನುವುದಿಲ್ಲ. ಆದರೆ ಮಾರುವುದು ಒಂದು ದಿನದ ಕೆಲಸ, ಸಪೋರ್ಟ್ ವರ್ಷವಿಡೀ ಇರುತ್ತದೆ, ಆ ಸಪೋರ್ಟ್ ಚೆನ್ನಾಗಿದ್ದರೆ ಮಾತ್ರ ಗಿರಾಕಿ ಮುಂದಿನ ವರ್ಷ ರಿನ್ಯೂವಲ್ ಮಾಡಿಸುತ್ತಾನೆ, ಅಲ್ವಾ?

2022ರ ಜುಲೈ 18 ನೆನಪಿಸಿಕೊಳ್ಳಿ. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ 25 ಕೆಜಿವರೆಗೆ ಶೇ 5 ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ನೋಡುತ್ತಿದ್ದಂತೆ ಮಾರುಕಟ್ಟೆಯಲ್ಲಿ 26 ಕೆಜಿ ಚೀಲ! ಹರಿಹರ, ಮಲೇಬೆನ್ನೂರು ಕಡೆಯ ರೈಸ್ ಮಿಲ್ಲುಗಳಲ್ಲಿ ಸಾಫ್ಟ್‌ವೇರಿನಲ್ಲಿ ಒಂದೇ ಅಕ್ಕಿಗೆ ಎರಡು ಐಟಂ, ಎರಡು ತೆರಿಗೆ ದರ ಮಾಡಿಕೊಡಬೇಕಾಯಿತು. ನಮ್ಮೂರ ಮಂಡಕ್ಕಿಗೂ ಅವತ್ತೇ ಈ ಗೊಂದಲ. ಬಿಡಿಯಾಗಿ ಮಾರಿದರೆ ತೆರಿಗೆ ಇಲ್ಲ, ಲೇಬಲ್ ಪ್ಯಾಕೆಟ್‌ಗೆ ಇದೆ. ಇದನ್ನೆಲ್ಲ ಗುಮಾಸ್ತರ ಪಕ್ಕ ಕೂತು ಹೇಳಿಕೊಟ್ಟವರು ನಮ್ಮ ಸಪೋರ್ಟ್ ಹುಡುಗರು.

2023ರ ಆಗಸ್ಟ್ 1ರಿಂದ ವರ್ಷದ ವಹಿವಾಟು 5 ಕೋಟಿ ದಾಟಿದವರಿಗೆ ಇ-ಇನ್‌ವಾಯ್ಸ್, ಅಂದರೆ ಬಿಲ್ಲನ್ನು ಸರ್ಕಾರಿ ಪೋರ್ಟಲ್‌ನಲ್ಲಿ ದಾಖಲಿಸುವುದು, ಬಂದಾಗಲೂ ಇದೇ ಕತೆ. 5 ಕೋಟಿ ಅಂದರೆ ದೊಡ್ಡವರು ಅಂತ ದೂರದಲ್ಲಿ ಕೂತವರಿಗೆ ಅನ್ನಿಸಬಹುದು. ಅಡಿಕೆ ಕ್ವಿಂಟಾಲಿಗೆ 50 ಸಾವಿರ ಇದ್ದರೆ ಸಾವಿರ ಕ್ವಿಂಟಾಲಿಗೇ 5 ಕೋಟಿ ಆಗಿಬಿಡುತ್ತದೆ. ಚನ್ನಗಿರಿಯಲ್ಲಿ ಒಬ್ಬನೇ ಗುಮಾಸ್ತ ಇರುವ ಅಂಗಡಿಯೂ ಅದರೊಳಗೆ ಬಂತು. ಲಾರಿ ಲೋಡಾಗಿ ನಿಂತಿರುತ್ತದೆ, ಪೋರ್ಟಲ್‌ನಿಂದ ಐಆರ್‌ಎನ್ (ಬಿಲ್ ದಾಖಲಾದದ್ದಕ್ಕೆ ಕೊಡುವ ನಂಬರು) ಬರುವುದಿಲ್ಲ, ಫೋನ್ ಬರುವುದು ನಮಗೆ.

ಮೀಟ್‌ನಲ್ಲಿ ಇಂಥ ಮಾತು ನಡೆಯುವುದು ಊಟದ ಹೊತ್ತಲ್ಲಿ. ಶಿವಮೊಗ್ಗದವರು, ಬ್ಯಾಡಗಿ ಮೆಣಸಿನಕಾಯಿ ಮಂಡಿಗಳಿಗೆ ಮಾಡಿಕೊಡುವವರು, ಚಳ್ಳಕೆರೆ ಎಣ್ಣೆ ಮಿಲ್ಲುಗಳನ್ನು ನೋಡುವವರು ಒಂದೇ ಟೇಬಲ್ಲಿಗೆ ಸೇರಿದರೆ ಅದೇ ನಿಜವಾದ ಟ್ರೈನಿಂಗ್. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವಲ್ಲ, ಆಗ ಎಲ್ಲರ ತಲೆನೋವೂ ಒಂದೇ ಆಗಿತ್ತು. ಸಾಫ್ಟ್‌ವೇರಿನಲ್ಲಿ ಹಳೆ ದರ ಅಳಿಸಬಾರದು, ಹೊಸ ದರವನ್ನು ಜಾರಿ ದಿನಾಂಕದ ಜೊತೆ ಹಾಕಬೇಕು. ಇಲ್ಲದಿದ್ದರೆ ಹಳೆ ಬಿಲ್ ತೆರೆದು ಸೇವ್ ಮಾಡಿದಾಗ ಹೊಸ ದರ ಬಂದು ಕೂರುತ್ತದೆ, ಹಳೆ ಮಾಲು ವಾಪಸ್ ಬಂದರೆ ಅದಕ್ಕೆ ಕೊಡುವ ಕ್ರೆಡಿಟ್ ನೋಟ್ (ಬಿಲ್ ಮೊತ್ತ ಕಡಿಮೆ ಮಾಡುವ ಚೀಟಿ) ಕೂಡ ತಪ್ಪಾಗುತ್ತದೆ. ಇದನ್ನು ನಾಲ್ಕು ಊರಿನವರು ನಾಲ್ಕು ಸಲ ಒದ್ದಾಡಿ ಕಲಿಯಬೇಕಾ?

ಈ ಸಂಕಟ ಬಲ್ಲವರು ಮೀಟ್‌ಗೆ ಬರುವುದೇ ಇಲ್ಲ, ಅವರು ಊರಲ್ಲಿ ಫೋನ್ ಎತ್ತುತ್ತಿರುತ್ತಾರೆ. ನಾವು ಮಾಲೀಕರು ಹೋಗಿ ಮಾರ್ಜಿನ್ ಬಗ್ಗೆ ಕೇಳಿ ಬರುತ್ತೇವೆ. ಕಂಪನಿಯವರು ಪಾಸ್ ಒಂದೇ ಕೊಟ್ಟರೂ ಇನ್ನೊಂದು ಕೇಳಿ ತಗೊಳ್ಳಿ. ಸಾಫ್ಟ್‌ವೇರ್ ಬರೆಯುವವರನ್ನೂ ಕರೆಸಿ ಅಂತ ಹೇಳಿ. ಒಂದು ಸೆಷನ್ ಪೂರ್ತಿ ಕನ್ನಡದಲ್ಲಿ ನಡೆಯಲಿ, ಮಾತಾಡುವವರು ಫೋನ್ ಎತ್ತುವವರೇ ಆಗಿರಲಿ.

ಈ ಸಲ ನಮ್ಮ ಆಫೀಸಿನಿಂದ ಸಪೋರ್ಟ್ ನೋಡುವ ಹುಡುಗಿ ಹೋಗುತ್ತಿದ್ದಾಳೆ. ಗುಮಾಸ್ತರು ಪದೇ ಪದೇ ಕೇಳುವ ಪ್ರಶ್ನೆಗಳನ್ನೆಲ್ಲ ಬರೆದಿಟ್ಟುಕೊಂಡಿದ್ದಾಳೆ. ಸುತ್ತಮುತ್ತಲ ಪಾರ್ಟ್‌ನರ್‌ಗಳು ನಿಮ್ಮ ಕಡೆಯ ಪ್ರಶ್ನೆಗಳಿದ್ದರೆ ಕಳಿಸಿ, ಅವನ್ನೂ ಸೇರಿಸಿಕೊಳ್ಳುತ್ತಾಳೆ.