ಐದೂವರೆಯ ನಂತರ ಬರೆದ ಒಂದು ಅಂಕಿ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯ ಒಂದು ಅಡಿಕೆ ಖರೀದಿ ಅಂಗಡಿಯಲ್ಲಿ ನಾನು ಒಂಬತ್ತು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಬೆಳಗ್ಗೆ 8.30ಕ್ಕೆ ಬಾಗಿಲು ತೆರೆದರೆ ಮಧ್ಯಾಹ್ನ ಊಟಕ್ಕೆ ಒಂದು ಗಂಟೆ ಬಿಡುವು, ಸಂಜೆ 5.30ಕ್ಕೆ ಕೆಲಸ ಮುಗಿಯಿತು ಎಂಬುದು ನಾನು ಸೇರಿದ ದಿನ ಧನಿಗಳು ಹೇಳಿದ ಮಾತು. ಆದರೆ ಆ ಮಾತಿನ ಕೊನೆಯ ಭಾಗ ಬಹುಕಾಲ ನನ್ನೊಬ್ಬನಿಗೆ ಮಾತ್ರ ಅನ್ವಯಿಸುತ್ತಿತ್ತು. ನನ್ನ ತಾಯಿಗೆ ಪಕ್ಷವಾತವಾಗಿ ಬಲಗೈ ಬಲಗಾಲು ಸ್ವಾಧೀನ ತಪ್ಪಿದ್ದವು. ಹಗಲು ಅವರನ್ನು ನೋಡಿಕೊಳ್ಳುವ ಹೆಂಗಸು ಏಳು ಗಂಟೆಗೆ ತನ್ನ ಮನೆಗೆ ಹೊರಟುಬಿಡುತ್ತಿದ್ದುದರಿಂದ ಪೆರ್ಲದ ಕಡೆಗೆ ಹೋಗುವ 5.45ರ ಬಸ್ಸನ್ನು ನಾನು ಬಿಡುವಂತಿರಲಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು. ನಾನು ಕೊಡೆ ತೆಗೆದುಕೊಂಡು ಎದ್ದರೆ ಧನಿಗಳು ತಲೆಯೆತ್ತಿ, "ಅಮ್ಮ ಹೇಗಿದ್ದಾರೆ?" ಎಂದು ಕೇಳುತ್ತಿದ್ದರೇ ಹೊರತು ಬೇರೇನೂ ಹೇಳುತ್ತಿರಲಿಲ್ಲ. ಉಳಿದ ನಾಲ್ವರು ಮಾತ್ರ, ಕೆಲಸವಿದ್ದರೂ ಸರಿ, ಇಲ್ಲದಿದ್ದರೂ ಸರಿ, ಅವರು ಮೇಜಿನ ಖಾನೆಗೆ ಬೀಗ ಹಾಕಿ ಏಳುವವರೆಗೆ ಏಳುತ್ತಿರಲಿಲ್ಲ. ಅದು ಕೆಲವೊಮ್ಮೆ ಆರೂವರೆ, ಸುಗ್ಗಿಯಲ್ಲಿ ಏಳೂವರೆ.

ಆ ನಾಲ್ವರಲ್ಲಿ ತೂಕದ ಕೆಲಸಕ್ಕಿದ್ದ ಹುಡುಗ ಇಪ್ಪತ್ತೆರಡರವನು. ಗೋಣಿಯನ್ನು ಕಾಂಟದ ಮೇಲಿರಿಸಿ, ಅಂಕಿ ನಿಂತ ಮೇಲೆ ಗಟ್ಟಿಯಾಗಿ ಕೂಗಿ, ನೀಲಿ ಸೀಮೆಸುಣ್ಣದಿಂದ ಅದನ್ನೇ ಗೋಣಿಯ ಮೈಮೇಲೆ ಬರೆಯುವುದು ಅವನ ಕೆಲಸ. ಕೂಗಿದ್ದನ್ನು ಪುಸ್ತಕಕ್ಕೂ ಚೀಟಿಗೂ ಏರಿಸುವುದು ನನ್ನದು. ಶನಿವಾರ ಸಂಜೆ ಆರಕ್ಕೆ ನೀರ್ಚಾಲಿನಲ್ಲಿ ಅವನಿಗೆ ಮದ್ದಳೆಯ ಪಾಠವಿತ್ತು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಬೆಂಚಿನ ಅಂಚಿಗೆ ಬೆರಳು ಬಡಿಯುತ್ತ, ಬಾಯಲ್ಲೇ ಪಾಠದ ಅಕ್ಷರಗಳನ್ನು ಹೇಳಿಕೊಳ್ಳುತ್ತ ಕುಳಿತಿರುತ್ತಿದ್ದ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಯಕ್ಷಗಾನದ ಹುಚ್ಚು ಹೊಸತಲ್ಲ, ಹಾಗಾಗಿ ಅದನ್ನು ಯಾರೂ ವಿಶೇಷವೆಂದು ಗಣಿಸಿರಲಿಲ್ಲ. ಮನೆಗೆ ಬೇಗ ಹೋಗಬೇಕೆನ್ನಲು ಅದೊಂದು ಕಾರಣ ಎಂದೂ ಗಣಿಸಿರಲಿಲ್ಲ. ನಾನೂ ಹಾಗೆಯೇ ಇದ್ದೆ ಎಂಬುದನ್ನು ಇಲ್ಲಿ ಹೇಳಲೇಬೇಕು.

2024ರ ಮಾರ್ಚ್ ತಿಂಗಳ ಒಂದು ಶನಿವಾರ. ಆ ವರ್ಷದ ಹೊಸ ಅಡಿಕೆ ಅಂಗಳದಲ್ಲಿ ಒಣಗಿ, ಸುಲಿದು, ಪೇಟೆಗೆ ಬರುತ್ತಿದ್ದ ಸಮಯ. ಕಿಲೋಗೆ 350 ರೂಪಾಯಿಯ ಆಸುಪಾಸಿನ ಧಾರಣೆ ಸೋಮವಾರದ ವೇಳೆಗೆ ಇಳಿಯಬಹುದೆಂಬ ಮಾತು ಹಬ್ಬಿದ್ದರಿಂದ ನಾಲ್ಕು ಗಂಟೆಯ ಮೇಲೆ ಒಂದರ ಹಿಂದೊಂದು ಜೀಪು ಬಂದು ನಿಂತವು. 5.30ಕ್ಕೆ ಹುಡುಗ ಕೈ ತೊಳೆದು ಬಂದು, "ಧನಿಗಳೇ, ನಾನು ಹೊರಡ್ತೇನೆ, ಇವತ್ತು ಪಾಠ ಉಂಟು" ಎಂದ. "ಒಂದು ದಿನ ಮದ್ದಳೆ ಬಾರಿಸದಿದ್ದರೆ ಏನಾಗ್ತದೆ? ಜೀಪು ಬಾಡಿಗೆ ಕೊಟ್ಟು ಬಂದವರನ್ನು ವಾಪಸು ಕಳಿಸುವುದಾ?" ಎಂದರು ಅವರು. ಹುಡುಗ ನನ್ನ ಕಡೆ ನೋಡಿದ. ಆ ವಾರ ತಂಗಿ ಬಂದು ತಾಯಿಯ ಜೊತೆಗಿದ್ದಳು, ನನಗೆ ಬಸ್ಸಿನ ಆತುರವಿರಲಿಲ್ಲ. "ಇವತ್ತೊಂದು ದಿನ ಸುಧಾರಿಸು ಮಾರಾಯ, ನಾನೂ ಇರ್ತೇನಲ್ಲ" ಎಂದೆ. ಅವನು ಏನೂ ಹೇಳದೆ ಕಾಂಟದ ಹತ್ತಿರ ಹೋಗಿ ನಿಂತ.

ಕೊನೆಯ ಗೋಣಿ ತೂಗಿ ಮುಗಿಯುವಾಗ 7.40 ಆಗಿತ್ತು. ನಾನು ಅಂಗಡಿಗೆ ಬಂದು ಹನ್ನೊಂದು ಗಂಟೆ ಕಳೆದಿತ್ತು. ಕೊನೆಯಲ್ಲಿ ಬಂದ ಹಿರಿಯ ಕೃಷಿಕರೊಬ್ಬರ ಆರು ಗೋಣಿಗಳ ತೂಕ ಬರೆದು, ಮೊತ್ತ ಮಾಡಿ, ದುಡ್ಡು ಎಣಿಸಿ ಕೊಟ್ಟೆವು. ಅವರು ಚೀಟಿಯ ಕೆಳಗಿನ ಮೊತ್ತವನ್ನು ಮಾತ್ರ ನೋಡಿ, ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ಹೋದರು.

ಖರೀದಿಸಿದ ಅಡಿಕೆಯನ್ನು ಪಟೋರ, ಉಳ್ಳಿ, ಕರಿಗೋಟು ಎಂಬ ದರ್ಜೆಗಳಾಗಿ ವಿಂಗಡಿಸಲು ಸುರಿಯುವ ಮೊದಲು ಇನ್ನೊಮ್ಮೆ ತೂಗುವುದು ನಮ್ಮಲ್ಲಿ ರೂಢಿ. ಸೋಮವಾರ ಬೆಳಗ್ಗೆ ಹಾಗೆ ತೂಗಿದಾಗ ಪುಸ್ತಕದಲ್ಲಿದ್ದುದಕ್ಕಿಂತ 18 ಕಿಲೋ ಹೆಚ್ಚು ಬಂತು. ಯಾರದೋ ದುಡ್ಡು ನಮ್ಮಲ್ಲಿ ಉಳಿದಿದೆ ಎಂದು ಅದರ ಅರ್ಥ. ಧನಿಗಳು ಒಮ್ಮೆಲೇ ಹುಡುಗನ ಮೇಲೆ ಸಿಟ್ಟಾದರು. ಅವನ ಮನಸ್ಸು ಶನಿವಾರ ಇಲ್ಲಿರಲಿಲ್ಲ, ನೀರ್ಚಾಲಿನಲ್ಲಿತ್ತು, ಬಾಯಿಗೆ ಬಂದದ್ದನ್ನು ಕೂಗಿದ್ದಾನೆ ಎಂದರು. ಹುಡುಗ ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದ.

ಲೆಕ್ಕದಲ್ಲಿ ಬರುವ ವ್ಯತ್ಯಾಸವು 9ರಿಂದ ನಿಶ್ಶೇಷವಾಗಿ ಭಾಗವಾದರೆ ಎರಡು ಅಂಕಿಗಳು ಸ್ಥಾನ ಬದಲಿಸಿಕೊಂಡಿರಬಹುದೆಂದು ಸಂಶಯಪಡುವುದು ಈ ಕೆಲಸದವರೆಲ್ಲರ ಅಭ್ಯಾಸ. 18 ಭಾಗವಾಗುತ್ತದೆ. ಶನಿವಾರದ ಪುಟ ತೆರೆದು ಮೇಲಿನಿಂದ ಬೆರಳಿಟ್ಟು ಬಂದೆ. ಕೊನೆಯ ಕೃಷಿಕರ ನಾಲ್ಕನೆಯ ಗೋಣಿಗೆ ನನ್ನ ಅಕ್ಷರದಲ್ಲಿ 46.200 ಎಂದಿತ್ತು. ಗೋದಾಮಿಗೆ ಹೋಗಿ ಆ ಗೋಣಿಯನ್ನು ಗೋಡೆಯಿಂದ ಈಚೆ ಎಳೆದು ನೋಡಿದರೆ ಅದರ ಮೇಲೆ ನೀಲಿ ಸೀಮೆಸುಣ್ಣದಲ್ಲಿ, ಅಳಿಸದೆ, ಸ್ಪಷ್ಟವಾಗಿ 64.2 ಎಂದಿತ್ತು. ಹುಡುಗ ಸರಿಯಾಗಿ ನೋಡಿದ್ದ, ಸರಿಯಾಗಿ ಕೂಗಿದ್ದ, ಸರಿಯಾಗಿ ಬರೆದಿದ್ದ. ತಪ್ಪು ಬರೆದವನು ನಾನು. ಇಷ್ಟವಿಲ್ಲದೆ ನಿಂತವನಲ್ಲ, "ನಾನೂ ಇರ್ತೇನಲ್ಲ" ಎಂದು ಉದಾರನಾಗಿ ಉಳಿದವನು. ತುಂಬಿದ ಗೋಣಿ 46 ಕಿಲೋ ತೂಗುವುದಿಲ್ಲ ಎಂಬುದು ಬೆಳಗ್ಗೆ ಹತ್ತು ಗಂಟೆಗಾದರೆ ನನ್ನ ಕೈಗೇ ಗೊತ್ತಾಗುತ್ತಿತ್ತು. ರಾತ್ರಿ ಏಳೂವರೆಗೆ ಗೊತ್ತಾಗಲಿಲ್ಲ.

ವಿಷಯ ತಿಳಿದಾಗ ಧನಿಗಳು ಹುಡುಗನಿಗೆ, "ನೀನು ಬೇಜಾರು ಮಾಡಬೇಡ" ಎಂದರು. ಅವರು ಕೆಟ್ಟವರಲ್ಲ. ನನ್ನ ಸಂಬಳದಿಂದಲೂ ಏನನ್ನೂ ಹಿಡಿಯಲಿಲ್ಲ. 6,300 ರೂಪಾಯಿಯನ್ನು ಲಕೋಟೆಯಲ್ಲಿಟ್ಟು, ಮಧ್ಯಾಹ್ನವೇ ಆ ಕೃಷಿಕರ ಮನೆಗೆ ಹೋಗಿ ಕೊಟ್ಟು ಬರಲು ನನ್ನನ್ನು ಕಳುಹಿಸಿದರು. ಕೃಷಿಕರು ಸಿಟ್ಟಾಗಲಿಲ್ಲ, ಬೆಲ್ಲ ನೀರು ಕೊಟ್ಟು ಕೂರಿಸಿ, "ನಾನು ಐದೂವರೆಯ ಮೇಲೆ ಬಂದದ್ದೂ ತಪ್ಪೇ. ಆದರೆ ಅಂಗಡಿ ತೆರೆದಿರ್ತದೆಂದು ಗೊತ್ತಿದ್ದರೆ ಮತ್ತೆ ಯಾರು ಬೇಗ ಬರ್ತಾರೆ?" ಎಂದರು. ಆ ಮಾತನ್ನು ನಾನು ದಾರಿಯುದ್ದಕ್ಕೂ ಯೋಚಿಸಿದೆ. ನಾವು ತಡವಾಗಿ ಉಳಿಯುವುದು ತಡವಾಗಿ ಬರುವವರಿಗಾಗಿ ಎಂದುಕೊಂಡಿದ್ದೆವು. ಅವರು ತಡವಾಗಿ ಬರುತ್ತಿದ್ದುದು ನಾವು ಉಳಿಯುತ್ತೇವೆಂದು.

ಅಂಗಡಿಯ ಗೋಡೆಯಲ್ಲಿ, ದೇವರ ಕ್ಯಾಲೆಂಡರಿನ ಪಕ್ಕ, 1960ರ ಕೇರಳ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾನೂನಿನ ಸಾರಾಂಶ ಮಲಯಾಳದಲ್ಲಿ ತೂಗುತ್ತಿತ್ತು. 1956ರಲ್ಲಿ ನಮ್ಮ ಸೀಮೆ ಕೇರಳಕ್ಕೆ ಸೇರಿದ ಮೇಲೆ ನಮ್ಮ ಹಕ್ಕುಗಳನ್ನೂ ನಾವು ಅಕ್ಷರ ಕೂಡಿಸಿ ಓದಿಕೊಳ್ಳಬೇಕಾಗಿದೆ. ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಒಂಬತ್ತು ವರ್ಷ ಅದರ ಕೆಳಗೆ ಕುಳಿತಿದ್ದರೂ ಓದಿರಲಿಲ್ಲ. ಮಂಗಳವಾರ ಊಟದ ಬಿಡುವಿನಲ್ಲಿ ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಓದಿದೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ; ಅದಕ್ಕಿಂತ ಹೆಚ್ಚು ದುಡಿಸಿದರೆ ಇಮ್ಮಡಿ ದರದಲ್ಲಿ ಸಂಬಳ. ನಮ್ಮ 8.30ರಿಂದ 5.30 ಎಂಬುದು, ಊಟದ ಗಂಟೆ ಕಳೆದರೆ, ವಾರಕ್ಕೆ ಸರಿಯಾಗಿ 48 ಗಂಟೆ. ದಿನವೂ ಏಳೂವರೆವರೆಗೆ ಉಳಿದರೆ ಅದು 60 ಆಗುತ್ತದೆ.

ಅದನ್ನು ಧನಿಗಳ ಮುಂದೆ ಹೇಳಿದಾಗ ಅವರ ಮಗ, ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರೇ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಹಿಂದಿನ ಅಕ್ಟೋಬರಿನಲ್ಲಿ ಹೇಳಿದ್ದನ್ನು ನೆನಪಿಸಿದರು. ತಾವು ಕಟ್ಟಿದ ಸಂಸ್ಥೆಗಾಗಿ ಯಾರಾದರೂ ಹಗಲಿರುಳು ದುಡಿದರೆ ನನಗೆ ಗೌರವವಿದೆ. ನಮ್ಮ ಧನಿಗಳೂ ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಕೂರುವವರು. ಆದರೆ ಅಡಿಕೆಯ ಧಾರಣೆ ಏರಿದರೆ ಅದರ ಲಾಭ ಅವರ ಖಾನೆಗೆ ಬರುತ್ತದೆ. ತೂಕದ ಹುಡುಗನಿಗೆ ಏರಿದರೂ ಇಳಿದರೂ ಅದೇ ಸಂಬಳ. ಇದನ್ನು ನಾನು ಸಾಧ್ಯವಾದಷ್ಟು ಮೆತ್ತಗೆ ಹೇಳಿದೆ.

ಇಷ್ಟೇ ಆಗಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ನನ್ನನ್ನು ಕಾಡಿದ್ದು ಶನಿವಾರ ನಾನು ಆಡಿದ ಮಾತು. ಅಮ್ಮನ ಕಾಯಿಲೆಯ ಹೆಸರಿನಲ್ಲಿ ಇಷ್ಟು ವರ್ಷ ನಾನು 5.30ಕ್ಕೆ ಎದ್ದು ಹೋಗಿದ್ದೆ. ಅದನ್ನು ಎಲ್ಲರೂ ದಯೆಯಿಂದ ಕೊಟ್ಟ ರಿಯಾಯಿತಿ ಎಂದು ಭಾವಿಸಿ ಕೃತಜ್ಞನಾಗಿದ್ದೆ. ರಿಯಾಯಿತಿ ಎಂದುಕೊಂಡದ್ದರಿಂದಲೇ ಅದಕ್ಕೆ ದೊಡ್ಡ ಕಾರಣ ಬೇಕು, ಮದ್ದಳೆ ಸಾಲದು ಎಂದು ನನಗೂ ಅನಿಸಿತ್ತು. ಕೆಲಸ ಮುಗಿಯುವ ಹೊತ್ತು ಒಪ್ಪಂದದ ಮಾತಾದರೆ ಅಲ್ಲಿಂದಾಚೆಯ ಸಂಜೆ ಆ ಮನುಷ್ಯನದು. ಅದರಲ್ಲಿ ಅವನು ತಾಯಿಯನ್ನು ಎತ್ತಿ ಕೂರಿಸಲಿ, ಮದ್ದಳೆ ಕಲಿಯಲಿ, ಅಂಗಳದಲ್ಲಿ ಸುಮ್ಮನೆ ಕುಳಿತಿರಲಿ, ಯಾವುದಕ್ಕೂ ಅಂಗಡಿಯಲ್ಲಿ ವಿವರಣೆ ಕೊಡಬೇಕಾಗಿಲ್ಲ. ಹುಡುಗನಿಗೆ ಹೀಗೆಂದು ಹೇಳಿ, ಶನಿವಾರದ ಮಾತಿಗೆ ಕ್ಷಮೆ ಕೇಳಿದೆ. ಅವನು, "ಅಣ್ಣ, ಅದೆಲ್ಲ ಬಿಡಿ" ಎಂದು ಸಂಕೋಚಪಟ್ಟ.

ನಂತರ ನಿಯಮ ಬದಲಾಯಿತು. ಐದು ಗಂಟೆಯ ಒಳಗೆ ಬಂದ ಅಡಿಕೆ ಅಂದೇ ತೂಕ. ಆಮೇಲೆ ಬಂದರೆ ಗೋಣಿಗಳನ್ನು ಇಳಿಸಿಕೊಂಡು, ಎಣಿಕೆ ಮತ್ತು ಆ ದಿನದ ಧಾರಣೆ ಬರೆದ ಚೀಟಿ ಕೊಟ್ಟು, ಮರುದಿನ ಬೆಳಗ್ಗೆ ಅವರ ಎದುರಿನಲ್ಲಿಯೇ ತೂಗುವುದು. ಧಾರಣೆ ಬರೆದುಕೊಟ್ಟಿದ್ದರಿಂದ ಕೃಷಿಕರ ಆತಂಕವೂ ತಗ್ಗಿತು. ಇದನ್ನು ಸೂಚಿಸಿದವನು ಆ ಹುಡುಗ.

ಆದರೂ ಮೇ ತಿಂಗಳಲ್ಲಿ ಒಂದು ಸಂಜೆ, ಮಗಳ ಮದುವೆಗೆಂದು ತುರ್ತಾಗಿ ದುಡ್ಡು ಬೇಕಾಗಿದ್ದ ಒಬ್ಬರು 5.25ಕ್ಕೆ ಜೀಪಿನಲ್ಲಿ ಬಂದಿಳಿದರು. ಧನಿಗಳು ಹುಡುಗನನ್ನು ಕರೆದು, "ಸ್ವಲ್ಪ ಹೊತ್ತು ನಿಲ್ಲಲಿಕ್ಕೆ ಆಗ್ತದಾ?" ಎಂದು ಕೇಳಿದರು. ಆಗುತ್ತದೆ ಎಂದ. ಕೆಲಸ 6.10ಕ್ಕೆ ಮುಗಿಯಿತು. ಧನಿಗಳು ಹೇಳಿದಂತೆ ಸಂಬಳದ ಪುಸ್ತಕ ತೆಗೆದು ಅವನ ಹೆಸರಿನ ಮುಂದೆ ನಾನೇ ಬರೆದೆ: ಹೆಚ್ಚುವರಿ ಅವಧಿ 40 ನಿಮಿಷ, ಗಂಟೆಗೆ 75ರ ಇಮ್ಮಡಿ, 100 ರೂಪಾಯಿ. ಬರೆದು, ಅಂಕಿಗಳನ್ನು ಇನ್ನೊಮ್ಮೆ ನೋಡಿ, ಪುಸ್ತಕವನ್ನು ಅವನ ಸಹಿಗೆ ತಿರುಗಿಸಿದೆ.